ಬಳೆ ಮಾರಿ ಮೈಕ್ ಕೊಳ್ಳುವ ಮೊದಲು



ಮನೆಯಲ್ಲೇ ಕುಳಿತು ತಮ್ಮ ದನಿಯಿಂದ ದುಡಿಯುವ ಹೆಣ್ಣುಮಕ್ಕಳು ಈಗ ನಮ್ಮ ನಡುವೆ ಹಲವರಿದ್ದಾರೆ. ಒಬ್ಬರು ಪಾಠ ಹೇಳಿ ಧ್ವನಿಮುದ್ರಿಸುತ್ತಾರೆ, ಇನ್ನೊಬ್ಬರು ಕಥೆ ಓದುತ್ತಾರೆ, ಮತ್ತೊಬ್ಬರು ಅಡುಗೆಯ ವೀಡಿಯೊಗಳಿಗೆ ದನಿ ಕೊಡುತ್ತಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ, ಅಥವಾ ನಿಮ್ಮ ಮಗಳೋ ಸೊಸೆಯೋ ಈ ಕೆಲಸದಲ್ಲಿದ್ದರೆ, ಈ ತಿಂಗಳ ಮಾತು ನಿಮಗಾಗಿ.

ನನ್ನ ಪರಿಚಯದ ಸಹೋದರಿಯೊಬ್ಬರು ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರು. ಇಬ್ಬರು ಮಕ್ಕಳಾದ ಮೇಲೆ ಮನೆಯಲ್ಲೇ ಉಳಿದರು. ಸುಮ್ಮನಿರಲಾಗದೆ ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡತೊಡಗಿದರು. ಆ ಓದನ್ನು ಕೇಳಿದ ಪ್ರಕಾಶಕರೊಬ್ಬರು ಕಥಾಪುಸ್ತಕ ಓದಿದರೆ ಹಣ ಕೊಡುತ್ತೇವೆ ಎಂದರು. ಇವರಲ್ಲಿದ್ದದ್ದು ಕಂಪ್ಯೂಟರಿಗೆ ನೇರವಾಗಿ ಜೋಡಿಸುವ, ಐದು ಸಾವಿರದೊಳಗಿನ ಯುಎಸ್‌ಬಿ ಮೈಕ್. ಮೊದಲ ಮೂರು ಅಧ್ಯಾಯಗಳು ಹಿಂದಕ್ಕೆ ಬಂದವು. "ಓದು ಚೆನ್ನಾಗಿದೆ, ಆದರೆ ಬಾವಿಯೊಳಗಿನಿಂದ ಮಾತಾಡಿದ ಹಾಗಿದೆ" ಎಂದಿದ್ದರು.

ಮರುದಿನವೇ ನನಗೆ ಫೋನ್ ಬಂತು. "ಆಪಾ, ಒಂದು ಜೊತೆ ಬಳೆ ಕೊಟ್ಟುಬಿಡುತ್ತೇನೆ. ದೊಡ್ಡ ಸ್ಟುಡಿಯೋದವರು ಇಟ್ಟುಕೊಳ್ಳುವಂಥ ಮೈಕನ್ನೇ ತರಿಸುತ್ತೇನೆ. ಇಲ್ಲದಿದ್ದರೆ ಈ ಕೆಲಸವೂ ಕೈತಪ್ಪುತ್ತದೆ."

ಅವರ ಕಣ್ಣು ಬಿದ್ದದ್ದು ಲಕ್ಷಕ್ಕೂ ಮೀರಿದ ಬೆಲೆಯ ಜರ್ಮನ್ ಮೈಕಿನ ಮೇಲೆ. 1928ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ನಾಯ್ಮನ್ ಕಂಪೆನಿಯ ಮೈಕುಗಳಿಗೆ ಜಗತ್ತಿನ ಸ್ಟುಡಿಯೋಗಳಲ್ಲಿ ದೊಡ್ಡ ಹೆಸರಿದೆ. 1967ರಲ್ಲಿ ಬಂದ ಅದರ ಯು 87 ಇಂದಿಗೂ ಬಳಕೆಯಲ್ಲಿದೆ. ವಸ್ತು ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಆ ಮನೆಯಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕಿತ್ತು. "ಬಳೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೈಕನ್ನು ಒಂದು ದಿನಕ್ಕೆ ಬಾಡಿಗೆಗೆ ತರಿಸಿ ನೋಡು" ಎಂದೆ.

ಪೇಟೆಯ ಸ್ಟುಡಿಯೋದಿಂದ ಮೈಕ್ ಬಂತು. ಅವರು ಎಂದಿನಂತೆ ಹಾಲಿನಲ್ಲಿ ಕುಳಿತು ಒಂದು ಪುಟ ಓದಿದರು. ಕೇಳಿ ನೋಡಿದರೆ ಬಾವಿ ಹಾಗೆಯೇ ಇತ್ತು! ಜೊತೆಗೆ ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ, ನೀರಿನ ಪಂಪಿನ ಗುಂಯ್‌ಗುಡುವಿಕೆ ಎಲ್ಲವೂ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದವು.

ಕಾರಣ ಸರಳ. ಇಂಥ ಮೈಕುಗಳಿಗೆ ಕಂಡೆನ್ಸರ್ ಮೈಕ್ ಎನ್ನುತ್ತಾರೆ. ಲೋಹದ ಲೇಪವಿರುವ ತೀರಾ ತೆಳುವಾದ ಪೊರೆಯೊಂದು ಗಾಳಿಯ ಸಣ್ಣ ಅಲುಗಾಟಕ್ಕೂ ಕಂಪಿಸುತ್ತದೆ. ಅದು ಓದುವವಳ ದನಿಯನ್ನು ಎಷ್ಟು ನಿಷ್ಠೆಯಿಂದ ಹಿಡಿಯುತ್ತದೋ ಕೋಣೆಯನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಟೈಲ್ಸ್ ನೆಲ, ಬೋಳು ಗೋಡೆಗಳಿಗೆ ಬಡಿದು ಮರಳುವ ದನಿಯೇ ಆ ಬಾವಿ. ಮೈಕಿನ ಬೆಲೆ ಅದನ್ನು ಮುಚ್ಚಲಾರದು.

ಸಂಜೆ ಅವರು ತಮ್ಮ ಹಳೆಯ ಮೈಕನ್ನೇ ಹಿಡಿದು ಮಲಗುವ ಕೋಣೆಗೆ ಹೋದರು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟರು. ಬೆನ್ನ ಹಿಂದೆ ಹಗ್ಗ ಕಟ್ಟಿ ದಪ್ಪ ರಜಾಯಿ ಇಳಿಬಿಟ್ಟರು. ಫ್ಯಾನ್ ನಿಲ್ಲಿಸಿ, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು ಅದೇ ಪುಟ ಓದಿದರು. ಬಾವಿ ಮಾಯವಾಗಿತ್ತು.

ಈ ಗೇಣಿನ ಲೆಕ್ಕವನ್ನು ನೀವೂ ನೆನಪಿಡಿ. ಮೈಕಿನಿಂದ ಬಾಯಿಯ ದೂರ ಎರಡು ಪಟ್ಟಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಇನ್ನು ನಮ್ಮ ಕನ್ನಡದ ಪ, ಫ, ಬ, ಭ ಅಕ್ಷರಗಳು ಮೈಕಿಗೆ ಗಾಳಿ ಊದುತ್ತವೆ. ಮೈಕನ್ನು ಬಾಯಿಗೆ ನೇರವಾಗಿಡದೆ ತುಸು ಓರೆಯಾಗಿಡಿ. ಮುಂದೆ ಪಾಪ್ ಫಿಲ್ಟರ್ ಎಂಬ ಜಾಲರಿ ಇದ್ದರೆ ಇನ್ನೂ ಒಳ್ಳೆಯದು.

ಬೆಲೆ ಹೆಚ್ಚಿದಷ್ಟೂ ಮೈಕ್ ನಿಶ್ಶಬ್ದವಾಗಿರುತ್ತದೆ ಎಂಬ ನಂಬಿಕೆಯೂ ಇದೆ. ಪ್ರತಿ ಮೈಕಿಗೂ ತನ್ನದೇ ಆದ ಸಣ್ಣ ಸದ್ದಿರುತ್ತದೆ. ಯು 87ರ ಈಗಿನ ಮಾದರಿಯಲ್ಲಿ ಅದು 12 ಡೆಸಿಬೆಲ್. ಅದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಿದ್ದ ರೋಡ್ ಎನ್‌ಟಿ1-ಎ ಮೈಕಿನಲ್ಲಿ ಕೇವಲ 5. ನಮ್ಮ ಮನೆಗಳ ಶಾಂತ ಕೋಣೆಯ ಸದ್ದೇ ಸಾಮಾನ್ಯವಾಗಿ 30ರ ಆಸುಪಾಸು ಇರುತ್ತದೆ. ಎರಡೂ ಅದರಲ್ಲಿ ಮುಳುಗಿಹೋಗುತ್ತವೆ.

ಹಾಗಾದರೆ ಒಳ್ಳೆಯ ಮೈಕ್ ಬೇಡವೇ? ಬೇಕು, ಆದರೆ ಅದರ ಸಮಯ ಬಂದಾಗ. ಒಂದು ಪರೀಕ್ಷೆ ಹೇಳುತ್ತೇನೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಓದುವಷ್ಟೇ ದನಿಯ ಮಟ್ಟವಿಟ್ಟು, ಏನೂ ಮಾತಾಡದೆ ಹತ್ತು ಸೆಕೆಂಡು ಮುದ್ರಿಸಿ. ಧ್ವನಿಪುಸ್ತಕಗಳ ಎಸಿಎಕ್ಸ್ ವೇದಿಕೆ ಈ ಮೌನದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ಕೇಳುತ್ತದೆ. ಕೋಣೆಯನ್ನು ಸರಿಪಡಿಸಿದ ಮೇಲೂ ದನಿಯ ಅಡಿಯಲ್ಲಿ ಸುಂಯ್ ಎನ್ನುವ ಸದ್ದು ಉಳಿದರೆ ಆಗ ಮೈಕ್ ಬದಲಿಸುವ ಯೋಚನೆ ಮಾಡಿ.

ಲೆಕ್ಕ ಹಾಕುವಾಗ ಮೈಕಿನ ಬೆಲೆಯನ್ನಷ್ಟೇ ನೋಡಬೇಡಿ. ಸ್ಟುಡಿಯೋ ಮಾದರಿಯ ಕಂಡೆನ್ಸರ್ ಮೈಕ್ ಕಂಪ್ಯೂಟರಿಗೆ ನೇರವಾಗಿ ಸೇರುವುದಿಲ್ಲ. ಅದಕ್ಕೆ 48 ವೋಲ್ಟ್ ವಿದ್ಯುತ್ ಕೊಡುವ ಆಡಿಯೊ ಇಂಟರ್‌ಫೇಸ್, ಕೇಬಲ್, ಗಟ್ಟಿ ಸ್ಟ್ಯಾಂಡ್ ಬೇಕು. ಕರಾವಳಿಯ ಮಳೆಗಾಲದ ತೇವಕ್ಕೆ ಆ ತೆಳು ಪೊರೆ ಚಟಪಟ ಸದ್ದು ಮಾಡತೊಡಗಬಹುದು. ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ನಮ್ಮ ಸಹೋದರಿ ಆ ಮೂರು ಅಧ್ಯಾಯಗಳನ್ನು ಹಳೆಯ ಮೈಕಿನಲ್ಲೇ ಮತ್ತೆ ಓದಿ ಕಳುಹಿಸಿದರು. ಒಪ್ಪಿಗೆಯಾಯಿತು. ಎಂಟು ತಿಂಗಳ ನಂತರ ಓದಿನಿಂದ ಬಂದ ಹಣದಲ್ಲೇ ಮಧ್ಯಮ ಬೆಲೆಯ ಮೈಕ್ ಕೊಂಡರು. ವ್ಯತ್ಯಾಸ ನಿಜವಾಗಿಯೂ ಇದೆ. ಮೆಲ್ಲನೆ ಓದಿದ ಸಾಲುಗಳೂ ಈಗ ಸ್ವಚ್ಛವಾಗಿ ಕೇಳಿಸುತ್ತವೆ. ಬಳೆಗಳು ಕೈಯಲ್ಲಿಲ್ಲ, ಕಪಾಟಿನಲ್ಲಿವೆ. ಓದುವಾಗ ಕಿಣಿಕಿಣಿ ಎನ್ನುತ್ತವೆಂದು ತೆಗೆದಿಡುತ್ತಾರೆ!

ಕೊನೆಯದಾಗಿ ಮನೆಯವರಿಗೊಂದು ಮಾತು. ನಾನು ಅವರ ಮನೆಗೆ ಹೋದಾಗ ರಾತ್ರಿ ಒಂಬತ್ತೂವರೆ. ಅತ್ತೆ ಚಿಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದರು. ಗಂಡ ಟಿ.ವಿ. ಆರಿಸಿ ಪಾತ್ರೆಗಳನ್ನು ಸದ್ದಾಗದಂತೆ ಎತ್ತಿಡುತ್ತಿದ್ದರು. ಒಳಗಿನಿಂದ ಓದುವ ದನಿ ಕೇಳುತ್ತಿತ್ತು. ಮಾತಾಡಲು ಬಾಯಿ ತೆರೆದ ನನಗೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಆ ಒಂದು ಗಂಟೆಯ ಮೌನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಸಹೋದರಿ. ಅದನ್ನು ನಿಮ್ಮ ಮನೆಯವರಿಂದ ಕೇಳಿ ಪಡೆಯಿರಿ. ಮನೆಯಲ್ಲಿ ಓದುವ ಸೊಸೆಯೋ ಮಗಳೋ ಇದ್ದರೆ, ಕೇಳುವ ಮೊದಲೇ ಕೊಟ್ಟುಬಿಡಿ.