ಕಲ್ಲು, ಕಾಗದ ಮತ್ತು ಮಹಿಳಾ ಪತ್ರಿಕೆಗಳ ಚರಿತ್ರೆ

ಹೊಯ್ಸಳ ನಾಡಿನ ಸ್ತ್ರೀಚರಿತ್ರೆ ಎಂದೊಡನೆ ಸಂಶೋಧಕರ ದೃಷ್ಟಿ ಬೇಲೂರಿನ ಮದನಿಕೆಯರ ಕಡೆಗೋ ಶಾಂತಲೆಯ ಕಡೆಗೋ ಹೊರಳುವುದು ವಾಡಿಕೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಸಂಪುಟ 1902ರಲ್ಲಿಯೇ ಪ್ರಕಟವಾಯಿತು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಸನಗಳು ಶತಮಾನದಿಂದ ವಿದ್ವಾಂಸರ ಕೈಗೆ ನಿಲುಕಿವೆ. ಇದೇ ಬೇಲೂರು ಸೀಮೆಯ ದಬ್ಬೆಯಲ್ಲಿ ಹುಟ್ಟಿದ ವಿಜಯಾ ದಬ್ಬೆ (1951-2018) ಮಾತ್ರ ಹೆಣ್ಣಿನ ಚರಿತ್ರೆಯನ್ನು ಕಾಗದದಲ್ಲಿಯೂ ಅರಸಿದರು. ನಂಜನಗೂಡು ತಿರುಮಲಾಂಬ ಅವರನ್ನು ಕುರಿತ 'ಹಿತೈಷಿಣಿಯ ಹೆಜ್ಜೆಗಳು' ಆ ಅರಸುವಿಕೆಯ ಫಲ.

ತಿರುಮಲಾಂಬ 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನೂ ಅನಂತರ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ಆರಂಭಿಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ'ಯನ್ನು ಹೊರಡಿಸಿ ನಾಲ್ಕು ದಶಕಗಳ ಕಾಲ ನಡೆಸಿದರು. ಇಬ್ಬರೂ ಬಾಲವಿಧವೆಯರು. ಮಂಗಳಕಾರ್ಯಗಳ ಹಜಾರಕ್ಕೂ ಪ್ರವೇಶವಿಲ್ಲದವರು ಅಂಚೆಯ ಮೂಲಕ ಮನೆಮನೆಯನ್ನು ಪ್ರವೇಶಿಸಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ನಮ್ಮ ಸಾಹಿತ್ಯಚರಿತ್ರೆಗಳು ಅವರನ್ನು ಕಾದಂಬರಿಕಾರ್ತಿ, ಸಮಾಜಸೇವಕಿ ಎಂದು ಗುರುತಿಸಿ, ಪತ್ರಿಕೆಯ ಹೆಸರನ್ನು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಇದು ಅಧ್ಯಯನಕ್ರಮದ ದೋಷವೇ ಹೌದು. ಪತ್ರಿಕೆಯಿಂದ ಕಥೆಯನ್ನು ಕತ್ತರಿಸಿ ಸಂಕಲನಕ್ಕೆ ಸೇರಿಸುವಾಗ ಉಳಿದ ಪುಟಗಳು ಕಸವಾಗುತ್ತವೆ. ಸಂಪಾದಕಿಯ ವಿಜ್ಞಾಪನೆ, ಓದುಗರ ಪತ್ರ, ಮನೆಮದ್ದು, ಚಂದಾ ಬಾಕಿಯ ತಗಾದೆ, ಜಾಹೀರಾತು ಇವುಗಳಲ್ಲಿಯೇ ಓದುಗಿತ್ತಿಯ ಸುಳಿವಿರುವುದು. ರೈಲ್ವೆ ಜಂಕ್ಷನ್ ಆದ ಅರಸೀಕೆರೆಗೂ ರೈಲು ಕಾಣದ ಹಳೇಬೀಡಿಗೂ ಪತ್ರಿಕೆ ಒಂದೇ ಬಗೆಯಲ್ಲಿ ತಲುಪಿರಲಾರದು. ಯಾರ ಹೆಸರಿಗೆ ಬರುತ್ತಿತ್ತು, ಯಾರು ಓದಿ ಹೇಳುತ್ತಿದ್ದರು ಎಂಬ ಪ್ರಶ್ನೆಗಳನ್ನು ಕೇಳದೆ ಬರೆದ ಪತ್ರಿಕಾಚರಿತ್ರೆ ಸಂಪಾದಕಿಯ ಜೀವನಚರಿತ್ರೆ ಮಾತ್ರ.

ನಾರ್ವೆಯ ಮಹಿಳಾ ಹಕ್ಕುಗಳ ಪತ್ರಿಕೆ 'ನ್ಯೂಲೆಂಡೆ' ಆರಂಭವಾದದ್ದು 1887ರಲ್ಲಿ, ತಿರುಮಲಾಂಬ ಹುಟ್ಟಿದ ವರ್ಷವೇ. ಕಾಕತಾಳೀಯ, ಇರಲಿ. ಆ ದೇಶದ ರಾಷ್ಟ್ರೀಯ ಗ್ರಂಥಾಲಯವು ತನ್ನ ಮುದ್ರಿತ ಸಂಗ್ರಹವನ್ನೆಲ್ಲ ಡಿಜಿಟಲ್ ರೂಪಕ್ಕೆ ತರುವ ಕೆಲಸವನ್ನು 2006ರಲ್ಲಿ ಕೈಗೊಂಡಿತು. ಯಾವುದು ಸಾಹಿತ್ಯ, ಯಾವುದು ಅಡುಗೆ ವಿಷಯವೆಂದು ಮೊದಲೇ ಜರಡಿ ಹಿಡಿಯಲಿಲ್ಲ.

ಶಾಸನದ ಪಡಿಯಚ್ಚು ತೆಗೆಯಲು ಊರೂರು ತಿರುಗಿದ ಪರಂಪರೆ ಕನ್ನಡ ವಿಭಾಗಗಳಿಗಿದೆ. ಅದೇ ಶ್ರದ್ಧೆಯಿಂದ ಹಳೆಯ ಮನೆಗಳ ಅಟ್ಟಗಳನ್ನೂ ಶೋಧಿಸಬೇಕು. ಕಲ್ಲು ಒಂಬತ್ತು ಶತಮಾನ ಕಾದಿತು. 1920ರ ದಶಕದ ಅಗ್ಗದ ಕಾಗದ ಮುಟ್ಟಿದರೆ ಮುರಿಯುತ್ತಿದೆ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು 'ಸರಸ್ವತಿ'ಯ ಒಂದು ವರ್ಷದ ಸಂಚಿಕೆಗಳಿಗೆ, ಜಾಹೀರಾತುಗಳನ್ನೂ ಬಿಡದೆ, ವಿಷಯಸೂಚಿ ಸಿದ್ಧಪಡಿಸಿದರೆ ಅದನ್ನು ಕಿರುಪ್ರಬಂಧವೆಂದು ಅಂಗೀಕರಿಸಲು ವಿಭಾಗಗಳು ಹಿಂಜರಿಯಬಾರದು.