ಕೇಕ್ ಸಾಕು, ಆಯಿಯ ಕೈ ಹಿಡಿಯಿರಿ

ನಮ್ಮ ಕಡೆ ಸಾಲಿಯ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಹೆಡ್‌ಮಾಸ್ತರರು ಬರೆದುಕೊಟ್ಟ ತಾರೀಖು ಅದು. ಅಂಥದೊಂದು ಮಗು ಅನಾಥಾಶ್ರಮದ ಜಮಖಾನೆಯ ಮೇಲೆ ಕುಳಿತು ಇನ್ನೊಬ್ಬರ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುವುದನ್ನು ನೋಡಿದ್ದೀರಾ? ಕೇಕ್ ಎದುರಿಗೇ ಇದೆ, ಕತ್ತರಿಸುವಂತಿಲ್ಲ. ಫೋಟೋದವನು ಇನ್ನೂ ಬಂದಿಲ್ಲ. ಅವನು ಬಂದ ಮೇಲೆ ‘ಎಲ್ಲಾರೂ ನಗ್ರಿ’ ಎಂದರೆ ನಗಬೇಕು. ಅರ್ಧ ತಾಸಿನಲ್ಲಿ ಸಾಹೇಬರ ಗಾಡಿ ಹೊರಡುತ್ತದೆ, ಮಕ್ಕಳ ಮುಖ ಸಂಜೆತನಕ ಊರಿನ ಮೊಬೈಲುಗಳಲ್ಲಿ ತಿರುಗುತ್ತದೆ.

ಇದನ್ನು ಟೀಕಿಸಿದರೆ ‘ಒಳ್ಳೇ ಕೆಲಸಕ್ಕೂ ಅಡ್ಡಗಾಲು ಹಾಕ್ತೀರಲ್ರೀ’ ಎನ್ನುವವರಿದ್ದಾರೆ. ಅಡ್ಡಗಾಲು ಹಾಕಿರುವುದು ಕಾನೂನೇ. ಆರೈಕೆ ಮತ್ತು ರಕ್ಷಣೆ ಬೇಕಿರುವ ಮಗುವಿನ ಗುರುತು ಬಯಲಾಗುವಂತೆ ಹೆಸರು, ಫೋಟೋ ಪ್ರಕಟಿಸುವಂತಿಲ್ಲ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನನ್ನ ತಕರಾರು ಫೋಟೋಕ್ಕಷ್ಟೇ ನಿಲ್ಲುವುದಿಲ್ಲ. ಮಗು ಆಶ್ರಮದ ಬಾಗಿಲಿಗೆ ಬರುವ ಮೊದಲು ನಾವೆಲ್ಲ ಎಲ್ಲಿದ್ದೆವು?

ನಾವು ಅನಾಥರೆಂದು ಕರೆಯುವ ಎಷ್ಟೋ ಮಕ್ಕಳಿಗೆ ತಾಯಿ ಇದ್ದಾಳೆ, ಇಲ್ಲವೇ ಆಯಿ, ಅಂದರೆ ಅಜ್ಜಿ, ಇದ್ದಾಳೆ, ಕಾಕಾ ಇದ್ದಾನೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಕ್ಕೆ, ಗಾರೆ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವುದು ಹೊಸ ಸಂಗತಿಯಲ್ಲ. ಹೋದ ಮಗ ಅಲ್ಲೇ ಸತ್ತರೆ, ಸೊಸೆ ಮನೆ ಬಿಟ್ಟು ಹೋದರೆ, ಮಕ್ಕಳು ಆಯಿಯ ಮಡಿಲಿಗೆ ಬೀಳುತ್ತವೆ. ಆಕೆಯ ಹೊಟ್ಟೆಗೇ ಕೂಲಿ ಸಾಲದು. ಹುಡುಗ ಸಾಲಿ ಬಿಡುತ್ತಾನೆ, ದ್ರಾಕ್ಷಿ ಶೆಡ್ಡಿಗೆ ಹೋಗುತ್ತಾನೆ, ಇಲ್ಲವೇ ಬಸ್ಸು ಹತ್ತಿ ವಿಜಯಪುರಕ್ಕೆ ಬಂದು ಸ್ಟೇಷನ್ನಿನಲ್ಲಿ ಬಾಟಲಿ ಆರಿಸುತ್ತಾನೆ. ಆಗ ನಮಗೆ ಕನಿಕರ ಹುಟ್ಟುತ್ತದೆ.

ಸರ್ಕಾರದ ಹಣ ಇಲ್ಲವೆಂದಲ್ಲ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯ ಮಗು, ಬಂಧುಗಳ ಮನೆಯಲ್ಲಿರುವ ಅನಾಥ ಮಗು, ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಮಗು ಮನೆಯಲ್ಲೇ ಇದ್ದು ಓದಲಿ ಎಂಬುದೇ ಅದರ ಉದ್ದೇಶ. ಆದರೆ ಅರ್ಜಿಯ ಜೊತೆ ಮರಣ ಪ್ರಮಾಣಪತ್ರ ಬೇಕು. ಸಾವು ಎಲ್ಲಿ ಆಯಿತೋ ಅಲ್ಲಿಯೇ ಅದರ ನೋಂದಣಿ, ಅದೂ 21 ದಿನದೊಳಗೆ. ವರ್ಷ ಮೀರಿದರೆ ಮೇಲಿನ ಅಧಿಕಾರಿಯ ಆದೇಶ ಬೇಕು. ಮಗ ಸತ್ತದ್ದು ಸಾಂಗ್ಲಿಯಲ್ಲಿ, ಆಯಿ ಇರುವುದು ತಿಕೋಟಾದಲ್ಲಿ, ಹೆಬ್ಬೆಟ್ಟು ಬಿಟ್ಟರೆ ಆಕೆಗೆ ಸಹಿ ಬಾರದು, ಮರಾಠಿ ಕಾಗದ ಓದಲು ಬಾರದು. ನಾಲ್ಕು ಸಾವಿರ ರೂಪಾಯಿ ಕೈಗೆ ಬರದೆ ಉಳಿಯುವುದು ಆ ಒಂದು ಕಾಗದದಿಂದ. ಕೇಕಿನ ದುಡ್ಡಿನಲ್ಲಿ ಒಬ್ಬ ಓದಿದ ಹುಡುಗನನ್ನು ಆಕೆಯ ಜೊತೆ ಸಾಂಗ್ಲಿಗೆ ಕಳಿಸಬಹುದಿತ್ತು.

‘ದುಡ್ಡು ಕೊಟ್ಟರೆ ಮನೆಯವರು ತಿಂದು ಹಾಕ್ತಾರ, ಆಶ್ರಮದಾಗ ಊಟಾ, ಶಿಸ್ತು ಆದರೂ ಸಿಗ್ತಾವ’ ಎಂಬ ವಾದವೂ ಇದೆ. ಯಾರೂ ಇಲ್ಲದ ಮಗುವಿಗೆ, ಮನೆಯಲ್ಲೇ ಹೊಡೆತ ತಿನ್ನುವ ಮಗುವಿಗೆ ಆಶ್ರಮ ಬೇಕೇ ಬೇಕು. ಅದು ನೋಂದಾಯಿತವಾಗಿರಬೇಕು, ಮಕ್ಕಳ ಕಲ್ಯಾಣ ಸಮಿತಿಯ ಕಣ್ಣಳತೆಯಲ್ಲಿರಬೇಕು. ಆದರೆ ಬಡತನವೊಂದೇ ಕಾರಣಕ್ಕೆ ಮಗುವನ್ನು ಆಯಿಯಿಂದ ಕಿತ್ತುಕೊಳ್ಳುವುದು ಸೇವೆಯಲ್ಲ. ಮನೆಯವರು ದುಡ್ಡು ತಿನ್ನುತ್ತಾರೋ ಇಲ್ಲವೋ ನೋಡಿಕೊಳ್ಳಲು ಓಣಿಯ ಮಂದಿ ಇಲ್ಲವೇ?

ಇದ್ದರು. ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಕಾಲ ನೆನಪಿಸಿಕೊಳ್ಳಿ. ಅದರಲ್ಲಿ ಜಾತಿಯ ಗೋಡೆ ಇತ್ತು, ನಿಜ. ಆದರೆ ಹುಡುಗ ಉಂಡನೋ ಇಲ್ಲವೋ ಎಂಬುದು ಏಳು ಮನೆಗೆ ಗೊತ್ತಿರುತ್ತಿತ್ತು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಮಕ್ಕಳ ಕೈಗೆ ಅವರು ಕೊಟ್ಟದ್ದು ಹಾರ್ಮೋನಿಯಂ, ತಬಲಾ, ಭಿಕ್ಷಾಪಾತ್ರೆಯಲ್ಲ. ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದ್ದು ಜನರ ಕೈಗಳನ್ನು ಜೋಡಿಸಿ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಬದುಕಿನುದ್ದಕ್ಕೂ ಜೇಬಿಲ್ಲದ ಅಂಗಿ ತೊಟ್ಟರು, ತಮಗೆ ಸ್ಮಾರಕವೂ ಬೇಡವೆಂದು ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಅವರ ಭಾವಚಿತ್ರ ಹಾಕಿಕೊಂಡ ಬ್ಯಾನರಿನ ಕೆಳಗೇ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರು ಇದನ್ನೊಮ್ಮೆ ಯೋಚಿಸಲಿ.

ಮಾಡಬೇಕಾದದ್ದು ದೊಡ್ಡದೇನಲ್ಲ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ‘ನಮ್ಮ ಓಣ್ಯಾಗ ಯಾವ ಕೂಸು ಸಾಲಿ ಬಿಟ್ಟೈತಿ?’ ಮಕ್ಕಳ ಗ್ರಾಮಸಭೆಯಲ್ಲಿ ಭಾಷಣ ಕಡಿಮೆ ಮಾಡಿ ಆ ಮಕ್ಕಳ ಅರ್ಜಿ ತುಂಬಿಸಿ. ಆಯಿಯೊಬ್ಬಳೇ ಕೂಲಿ ಬಿಟ್ಟು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಲೆಯುವ ಬದಲು ಸಂಘದವರೊಬ್ಬರು ಜೊತೆಗೆ ಹೋಗಿ. ಗೋಳಗುಮ್ಮಟದ ಮುಂದೆ ಕೈಚಾಚುವ ಮಗುವಿಗೆ ಹತ್ತು ರೂಪಾಯಿ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಹುಡುಗ ಮತ್ತೆ ಸಾಲಿಗೆ ಬಂದರೆ ಪರೀಕ್ಷೆಯ ಮಾರ್ಕ್ಸ್ ಕೇಳಿ, ‘ಶಾಬಾಸ್ ತಮ್ಮಾ’ ಎಂದು ಬೆನ್ನು ತಟ್ಟಿ. ಮೂರು ದಿನ ಸಾಲಿ ತಪ್ಪಿಸಿದರೆ ಮನೆಗೆ ಹೋಗಿ ವಿಚಾರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಕೇಕ್ ಕತ್ತರಿಸಲೇಬೇಕೆಂಬ ಆಸೆ ಉಳಿದಿದ್ದರೆ ಜೂನ್ 1ರಂದು ಕತ್ತರಿಸಿ. ಅವತ್ತು ಆ ಮಗುವಿನ ಹುಟ್ಟುಹಬ್ಬ. ಮೊಬೈಲು ಮನೆಯಲ್ಲೇ ಬಿಟ್ಟು ಬನ್ನಿ.