ಕೊಳ್ಳುವ ವಿದ್ಯೆ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ತುಮಕೂರು ಸೀಮೆಯ ನಿವೃತ್ತ ಗಣಿತ ಉಪಾಧ್ಯಾಯರೊಬ್ಬರು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಅವರು ಬಹುಕಾಲದ ಪರಿಚಿತರು. ಮಗಳು ವಾಣಿಜ್ಯ ಪದವೀಧರೆ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಾಲ್ಕು ವರ್ಷಗಳಿಂದ ದುಡಿಯುತ್ತಿದ್ದಾಳೆ. ಅವಳನ್ನು ಖರೀದಿ ವಿಭಾಗಕ್ಕೆ ತೆಗೆದುಕೊಳ್ಳುವ ಮಾತು ನಡೆದಿತ್ತು. ಅವಳು ಖರೀದಿ ಮತ್ತು ಪೂರೈಕೆ ನಿರ್ವಹಣೆಯಲ್ಲಿ ವೃತ್ತಿ ಅರ್ಹತೆಯ ಪರೀಕ್ಷೆಗೆ ಕಟ್ಟಬೇಕೆಂದು ನಿಶ್ಚಯಿಸಿದ್ದಳು. ತಂದೆಗೆ ಅದು ಸಮ್ಮತವಿರಲಿಲ್ಲ.

"ಗುರುಗಳೇ, ಸಾಮಾನು ಕೊಳ್ಳುವುದಕ್ಕೂ ಒಂದು ಪರೀಕ್ಷೆಯೆ? ಸಂತೆಗೆ ಹೋಗಿ ಬರುವವರೆಲ್ಲ ಯಾವ ಪರೀಕ್ಷೆ ಬರೆದಿದ್ದಾರೆ?" ಎಂದರು. ಮಗಳು ಒಳಗೆ ಹೋದ ಮೇಲೆ ಮನಸ್ಸಿನೊಳಗಿನ ಮಾತು ಹೊರಬಂದಿತು: "ಅದು ಕಮಿಷನ್ನಿನ ಕುರ್ಚಿ. ಕೂತವರ ಕೈ ಶುದ್ಧವಾಗಿದ್ದರೂ ಜನ ನಂಬುವುದಿಲ್ಲ. ನಾಳೆ ಸಂಬಂಧ ನೋಡಲು ಬಂದವರು ಏನೆಂದಾರು?"

ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಅನುಭವದಲ್ಲಿಯೇ ಇದೆ. ಮಠದಲ್ಲಿ ಓದುತ್ತಿದ್ದ ಕಾಲಕ್ಕೆ, 1978ರ ಸುಮಾರಿನಲ್ಲಿ, ದಾಸೋಹದ ಉಗ್ರಾಣಕ್ಕೆ ನೆರವಾಗುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಮ್ಮೆ ತೊಗರಿಬೇಳೆ ತರಲು ಹೋದವರು ಮೂಟೆಗೆ ಹತ್ತು ರೂಪಾಯಿ ಕಡಿಮೆಗೆ ಗಿಟ್ಟಿಸಿ ತಂದು ಬೀಗಿದೆವು. ಮರುದಿನ ಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಸೌದೆ ಇಮ್ಮಡಿ ಉರಿಯಿತು, ಪಂಕ್ತಿ ತಡವಾಯಿತು, ಮಕ್ಕಳು ಹಸಿದು ಕುಳಿತರು. ಉಳಿಸಿದ ಹತ್ತು ರೂಪಾಯಿ ಒಲೆಯ ಬಾಯಿಗೇ ಹೋಗಿತ್ತು. ಕೊಂಡ ಬೆಲೆ ಬೇರೆ, ವಸ್ತುವಿಗೆ ನಾವು ನಿಜವಾಗಿ ತೆರುವ ಬೆಲೆ ಬೇರೆ ಎಂಬುದು ಅಂದು ತಿಳಿಯಿತು. ಅದೇ ಸಂಗತಿಯನ್ನು ಈ ವಿದ್ಯೆಯವರು 'ಒಟ್ಟು ವೆಚ್ಚ' ಎಂದು ಕರೆದು, ಸಾಗಣೆ, ತಪಾಸಣೆ, ದುರಸ್ತಿ, ಕೊನೆಗೆ ಹಳೆಯದನ್ನು ವಿಲೇವಾರಿ ಮಾಡುವ ಖರ್ಚಿನವರೆಗೆ ಲೆಕ್ಕ ಹಾಕಲು ಕಲಿಸುತ್ತಾರೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. ಬ್ರಿಟನ್ನಿನಲ್ಲಿ ಖರೀದಿ ಅಧಿಕಾರಿಗಳ ಸಂಘ 1932ರಲ್ಲಿಯೇ ಸ್ಥಾಪನೆಯಾಗಿತ್ತು. ಅದರ ಪರಂಪರೆಯಲ್ಲಿ ಬಂದ ಸಂಸ್ಥೆಗೆ 1992ರಲ್ಲಿ ರಾಜಸನ್ನದು ದೊರೆಯಿತು. ಇಂದು ಸಿಐಪಿಎಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು ಅದೇ. ನಮ್ಮ ದೇಶದಲ್ಲಿ ನವಿ ಮುಂಬಯಿಯಲ್ಲಿ ಕೇಂದ್ರ ಕಚೇರಿಯಿರುವ, ಬೆಂಗಳೂರಿನಲ್ಲಿಯೂ ಶಾಖೆಯಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಇದೇ ಕ್ಷೇತ್ರದಲ್ಲಿ ಡಿಪ್ಲೊಮಾ ಶಿಕ್ಷಣ ನೀಡುತ್ತ ಬಂದಿದೆ. ಕಾರ್ಖಾನೆಯ ಗಿರಾಕಿಗಳು ಹೊರದೇಶದವರಾದ್ದರಿಂದ ಈ ಹುಡುಗಿ ಸಿಐಪಿಎಸ್‌ನ ನಾಲ್ಕನೆಯ ಹಂತದ ಡಿಪ್ಲೊಮಾವನ್ನು ಆರಿಸಿಕೊಂಡಿದ್ದಳು. ಅದರಲ್ಲಿ ಎಂಟು ವಿಷಯಗಳು: ಕರಾರು, ಬೆಲೆಯ ಮಾತುಕತೆ, ಪೂರೈಕೆದಾರರೊಡನೆ ಸಂಬಂಧ, ನೀತಿಯುತ ಖರೀದಿ ಮುಂತಾದವು.

ತಂದೆಯವರಿಗೆ ಈ ವಿವರಗಳಿಂದ ಸಮಾಧಾನವಾಗಲಿಲ್ಲ. ಆಗ ಮಗಳು ಒಂದು ಕಾಗದ ತಂದು, "ಅಪ್ಪಾಜಿ, ಈ ಲೆಕ್ಕ ಮಾಡಿ ಕೊಡಿ" ಎಂದಳು. ಲೋಹ ಕತ್ತರಿಸುವ ಯಂತ್ರಕ್ಕೆ ಹಾಕುವ ಸಣ್ಣ ಅಲಗು, ಇನ್‌ಸರ್ಟ್ ಎನ್ನುತ್ತಾರಂತೆ. ವರ್ಷಕ್ಕೆ 1,200 ಬೇಕು. ಒಂದರ ಬೆಲೆ 240 ರೂಪಾಯಿ. ಒಂದು ಸಲ ಆರ್ಡರು ಹಾಕಿ ತರಿಸಿ ತಪಾಸಣೆ ಮಾಡಲು 200 ರೂಪಾಯಿ ಖರ್ಚು. ಬಡ್ಡಿ, ಗೋದಾಮಿನ ಬಾಡಿಗೆ, ತುಕ್ಕು, ಕಳವು ಎಲ್ಲ ಸೇರಿ ಒಂದನ್ನು ವರ್ಷವಿಡೀ ಇಟ್ಟುಕೊಳ್ಳಲು ಬೆಲೆಯ ಶೇಕಡಾ 20, ಅಂದರೆ 48 ರೂಪಾಯಿ. ಸಲಕ್ಕೆ ಎಷ್ಟು ತರಿಸಬೇಕು?

ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರು 1913ರಲ್ಲಿಯೇ ಇದಕ್ಕೊಂದು ಸೂತ್ರ ಪ್ರಕಟಿಸಿದ್ದರು. ವರ್ಷದ ಬೇಡಿಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಎರಡರಷ್ಟು ಮಾಡಿ, ಒಂದನ್ನು ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ ವರ್ಗಮೂಲ ತೆಗೆಯುವುದು. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತವರು ಸುಮ್ಮನಿದ್ದಾರೆಯೆ? ಕನ್ನಡಕ ಏರಿಸಿ ಗಳಿಗೆಯೊಳಗೆ "ನೂರು" ಎಂದರು. ಇಡೀ ವರ್ಷಕ್ಕೆ ಎರಡೂ ಬಗೆಯ ಖರ್ಚು ಸೇರಿ 4,800 ರೂಪಾಯಿ.

"ಈಗ ವ್ಯಾಪಾರಿ ಬಂದು, ಅಷ್ಟನ್ನೂ ಒಂದೇ ಸಲ ಕೊಂಡರೆ ಶೇಕಡಾ 5 ಬಿಡುತ್ತೇನೆ ಅಂದ. ಕೊಳ್ಳಬೇಕೋ ಬೇಡವೋ?"

"ಕೊಳ್ಳದೆ ಉಂಟೆ? 14,400 ರೂಪಾಯಿ ಉಳಿತಾಯ!" ಎಂದವರು ಪೆನ್ಸಿಲು ಹಿಡಿದು ಮುಂದುವರಿದರು. ಸರಾಸರಿ 600 ಅಲಗುಗಳು ವರ್ಷವಿಡೀ ಕಪಾಟಿನಲ್ಲಿ. ಇಟ್ಟುಕೊಳ್ಳುವ ಖರ್ಚು 27,360. ಒಂದು ಆರ್ಡರಿಗೆ 200. ಮೊದಲಿನ 4,800ಕ್ಕೆ ಹೋಲಿಸಿದರೆ 22,760 ಅಧಿಕ. ರಿಯಾಯಿತಿ ಪಡೆದೂ 8,360 ರೂಪಾಯಿ ನಷ್ಟ. ಅವರು ಕಾಗದವನ್ನು ಮತ್ತೊಮ್ಮೆ ಮೇಲಿನಿಂದ ನೋಡಿದರು, ತಪ್ಪು ಸಿಗಲಿಲ್ಲ.

ಆದರೂ ಸೋಲೊಪ್ಪಲಿಲ್ಲ. "ಹಾಗಾದರೆ ನಿಮ್ಮಜ್ಜಿ ಸುಗ್ಗಿಯಲ್ಲಿ ವರ್ಷದ ರಾಗಿಯನ್ನೆಲ್ಲ ಹಗೇವಿಗೆ ತುಂಬಿಸುತ್ತಿದ್ದಳಲ್ಲ, ಅವಳು ದಡ್ಡಳೆ?" ಎಂದು ಕೇಳಿದರು. ನಮಗೆ ಈ ಪ್ರಶ್ನೆ ಬಹಳ ಹಿಡಿಸಿತು. ಹುಡುಗಿಯ ಉತ್ತರ ಇನ್ನೂ ಹಿಡಿಸಿತು. ಬೆಲೆ ವರ್ಷವಿಡೀ ಒಂದೇ ಸಮನಿದೆ, ಬೇಕೆಂದಾಗ ಸರಕು ಸಿಗುತ್ತದೆ ಎಂದು ಇಟ್ಟುಕೊಂಡೇ ಈ ಸೂತ್ರ ಹೊರಡುತ್ತದೆ. ರಾಗಿಗೆ ಅವೆರಡೂ ಸಲ್ಲುವುದಿಲ್ಲ. ಮಳೆಗಾಲದಲ್ಲಿ ದರ ಏರುತ್ತದೆ, ಮಳೆ ಕೈಕೊಟ್ಟರೆ ಕಾಳೇ ಸಿಗದು. "ಅಜ್ಜಿಯದೂ ಸರಿ, ಅಪ್ಪಾಜಿ. ಎಲ್ಲಿ ಸೂತ್ರ ಹಾಕಬಾರದು ಅನ್ನುವುದನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ."

ಎರಡನೆಯ ಪ್ರಶ್ನೆ ಹೀಗೆ ಕಾಗದದ ಮೇಲೆ ತೀರುವಂಥದಲ್ಲ. ತಂದೆಯ ಅಂಜಿಕೆ ನಿರಾಧಾರವೆಂದು ನಾವು ಹೇಳಲಾರೆವು. ರಾಜದ್ರವ್ಯವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಬಗೆಗಳನ್ನು ಕೌಟಿಲ್ಯನ ಅರ್ಥಶಾಸ್ತ್ರವೇ ಎಣಿಸಿಟ್ಟಿದೆ. ನಮ್ಮ ರಾಜ್ಯವೂ ಸರ್ಕಾರಿ ಖರೀದಿಗೆಂದು 1999ರಲ್ಲಿ ಪಾರದರ್ಶಕತೆಯ ಅಧಿನಿಯಮವನ್ನೇ ಮಾಡಬೇಕಾಯಿತು. ದೀಪಾವಳಿಯ ಮಿಠಾಯಿ ಡಬ್ಬಿಯ ಅಡಿಯಲ್ಲಿ ಬೆಳ್ಳಿಯ ಬಟ್ಟಲು ಬರುವುದು ಕಥೆಯಲ್ಲಿ ಮಾತ್ರವಲ್ಲ.

ಆದರೆ ಮಠದ ನಮ್ಮ ಉಗ್ರಾಣದ ಹಿರಿಯರು ನೆನಪಾಗುತ್ತಾರೆ. ಯಾರು ಕೊಂಡು ತಂದರೂ ಅವರು ಪ್ರತಿಯೊಂದು ಮೂಟೆಯನ್ನು ಮತ್ತೆ ತೂಗಿಸುತ್ತಿದ್ದರು. ನಾವು ತಂದದ್ದನ್ನೂ ತೂಗಿದಾಗ, 'ನಮ್ಮ ಮೇಲೆ ಅನುಮಾನವೆ?' ಎಂದು ಮುಖ ಊದಿಸಿದ್ದೆವು. "ತೂಗಿದರೆ ನಾಳೆ ನಿನ್ನನ್ನು ಯಾರೂ ಕೇಳುವಂತಿಲ್ಲವಪ್ಪ" ಎಂದಿದ್ದರು. ಬೇಕೆನ್ನುವವನೊಬ್ಬ, ಆರ್ಡರು ಹಾಕುವವನೊಬ್ಬ, ತೂಗಿ ಪಡೆಯುವವನೊಬ್ಬ, ಹಣ ಕೊಡುವವನು ಮತ್ತೊಬ್ಬ ಇರಬೇಕೆಂದು ಈ ಹುಡುಗಿಯ ಪಠ್ಯವೂ ಹೇಳುತ್ತದೆ. ಬಂದ ಉಡುಗೊರೆಯನ್ನು ವಹಿಯಲ್ಲಿ ಬರೆಯಬೇಕು. ಪೂರೈಕೆದಾರ ನೆಂಟನಾದರೆ ಮೊದಲೇ ತಿಳಿಸಿ ಆ ವ್ಯವಹಾರದಿಂದ ದೂರ ಸರಿಯಬೇಕು. ಶುದ್ಧವಾಗಿರಬೇಕೆನ್ನುವ ಎಳೆಯ ನೌಕರಳಿಗೆ ಇಂತಹ ಕಟ್ಟಳೆಗಳು ದೊಡ್ಡ ಆಸರೆ. ಮೇಲಿನವರೇ ಕಣ್ಣು ಮುಚ್ಚಿದ ಕಡೆ ಯಾವ ಡಿಪ್ಲೊಮಾವೂ ಕಾಯಲಾರದು ಎಂಬುದನ್ನೂ ನಾವು ತಂದೆಯವರಿಗೆ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಹೊರಡುವಾಗ "ಫೀಸು ಎಷ್ಟು?" ಎಂದು ಮಗಳನ್ನು ಕೇಳಿದರು. ಪೌಂಡಿನ ಲೆಕ್ಕ ಕೇಳಿ ಮುಖ ಸ್ವಲ್ಪ ಬಾಡಿತಾದರೂ ಬೇಡವೆನ್ನಲಿಲ್ಲ.

ಈಚೆಗೆ ಆ ಉಪಾಧ್ಯಾಯರು ಮತ್ತೆ ಸಿಕ್ಕಿದ್ದರು. ಮಗಳು ಮೂರು ವಿಷಯಗಳಿಗೆ ಪರೀಕ್ಷೆ ಬರೆದು ಎರಡರಲ್ಲಿ ತೇರ್ಗಡೆಯಾಗಿದ್ದಾಳೆ. ಕರಾರಿನ ವಿಷಯ ಉಳಿದಿದೆ. ಅಂಗಡಿಯಲ್ಲಿ ಬೆಲೆಚೀಟಿ ಹಚ್ಚಿಟ್ಟ ವಸ್ತು ಕಾನೂನಿನ ಕಣ್ಣಿಗೆ ಮಾರಾಟದ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಿರೆಂಬ ಆಹ್ವಾನ ಮಾತ್ರ. ಗಿರಾಕಿ ಕೇಳಿದಾಗ ಪ್ರಸ್ತಾವ, ಅಂಗಡಿಯವನು ಒಪ್ಪಿದಾಗ ಕರಾರು. ಇಂತಹ ಸೂಕ್ಷ್ಮಗಳು ಅವಳಿಗೆ ತೊಡಕಾಗಿವೆಯಂತೆ. ದಿನವೆಲ್ಲ ಕಾರ್ಖಾನೆಯಲ್ಲಿ ದಣಿದು ರಾತ್ರಿ ಓದುವುದು ಆಗದೆಂದು ನಸುಕಿನ ನಾಲ್ಕೂವರೆಗೆ ಏಳುತ್ತಾಳೆ. ತಂದೆ ಈಗ ಅವಳೊಡನೆ ಬೆಂಗಳೂರಿನಲ್ಲಿಯೇ ಇದ್ದಾರೆ. "ಎಬ್ಬಿಸುವುದೂ ಕಾಫಿ ಕಾಯಿಸುವುದೂ ನನ್ನ ಪಾಲು, ಗುರುಗಳೇ. ಆ ಕರಾರಿನ ಪುಸ್ತಕ ನಾನೂ ಅರ್ಧ ಓದಿದ್ದೇನೆ" ಎಂದರು.